ದೊರೆಸ್ವಾಮಿಯ ಹೆಸರಿನ ಸೀಸೆ

ಸಭಾಧ್ಯಕ್ಷರೂ ಗಿರಣಿಯ ಆಡಳಿತಗಾರರೂ ಆದ ವೀರಭದ್ರಯ್ಯನವರೇ, ಇಂದು ಸನ್ಮಾನ ಪಡೆದ ಸಂಶೋಧಕಿ ತ್ರಿಪುರಸುಂದರಿಯವರೇ, ಮಲ್ಲೇಶ್ವರದ ಹಿರಿಯರೇ, ಪಾಳಿ ಮುಗಿಸಿ ತಲೆಯಲ್ಲಿ ಹತ್ತಿ ಇಟ್ಟುಕೊಂಡೇ ಬಂದಿರುವ ಶ್ರೀರಾಂಪುರದ ಸಭಿಕರೇ,

ವಂದನಾರ್ಪಣೆ ಎಂದರೆ ಜನ ಚಪ್ಪಲಿ ಹುಡುಕುವ ಹೊತ್ತು. ಇವತ್ತು ಸ್ವಲ್ಪ ಕೂತಿರಿ. ನಾನು ಮೇಷ್ಟರು, ಕೂಗಿ ಅಭ್ಯಾಸ.

ಗಿರಣಿಯವರು ಆರೋಗ್ಯ ವಿಮೆ ತಂದರು. ಯಾರಿಗೆ? ಮಗ್ಗದ ಮುಂದೆ ನಿಲ್ಲುವವನಿಗೆ. ಅವನ ಹೆಂಡತಿಗೆ? ಇಲ್ಲ. ಪಕ್ಕದ ಮನೆಯಲ್ಲಿ ಊದುಬತ್ತಿ ಹೊಸೆಯುವ ಶಿವಕುಮಾರಿಗೆ? ಇಲ್ಲ. ತರಗುಪೇಟೆಯಲ್ಲಿ ಮೂಟೆ ಹೊತ್ತು ಬೆನ್ನು ಮುರಿದುಕೊಂಡವನಿಗೆ? ಇಲ್ಲ. ಜ್ವರವೇನು ಹಾಜರಿ ಕೂಗಿ ಬರುತ್ತದೆಯೇ, ಸ್ವಾಮಿ?

ಈ ವಿಮೆ ಯಾರನ್ನು ಮುಟ್ಟಿದೆ, ಯಾರನ್ನು ಬಿಟ್ಟಿದೆ ಎಂದು ತಿಳಿದು ವರದಿ ಬರೆಯಲು ತ್ರಿಪುರಸುಂದರಿಯವರು ವರ್ಷವಿಡೀ ನಮ್ಮ ಗಲ್ಲಿಗಳನ್ನು ಸುತ್ತಿದರು. ನಮ್ಮ ವಠಾರದಲ್ಲಿ ವಿಮೆಯಿದ್ದವನು ನೇಯ್ಗೆಯ ದೊರೆಸ್ವಾಮಿ ಒಬ್ಬನೇ. ಗಿರಣಿಯ ದವಾಖಾನೆಯ ಪ್ರಕಾರ ಅವನಷ್ಟು ಕಾಯಿಲೆಯ ಮನುಷ್ಯ ಮೈಸೂರು ರಾಜ್ಯದಲ್ಲೇ ಇಲ್ಲ. ಸೋಮವಾರ ನಾಯಿಕೆಮ್ಮು, ಗುರುವಾರ ಜಂತುಹುಳು, ಆಮೇಲೆ ಮುದುಕರ ಕೀಲುನೋವು. ಆದರೆ ಆಸಾಮಿ ಒಂದು ಪಾಳಿಯನ್ನೂ ತಪ್ಪಿಸಿಲ್ಲ!

ವಠಾರದ ಪದ್ಧತಿಯೇ ಹಾಗಿತ್ತು. ಬೆಳಿಗ್ಗೆ ನಲ್ಲಿಯ ಹತ್ತಿರ ಅವನಿಗೆ ಕಾಯಿಲೆ ಒಪ್ಪಿಸುವುದು. "ದೊರೆ, ಇವತ್ತು ನಿಂಗೆ ಕೆಮ್ಮು. ಒಣಕೆಮ್ಮು ಕಣಯ್ಯ, ಕಫ ಅಂದ್ಬಿಟ್ಟೀಯ!" ಎಂದು ಜಾನಕಮ್ಮನವರು ಪಾಠ ಹೇಳುವರು. ಅವನು ಅದನ್ನು ಬಾಯಿಪಾಠ ಮಾಡಿ, ಸೀಸೆ ಹಿಡಿದು ಹೋಗಿ, ಚೆನ್ನಾಗಿ ಕೆಮ್ಮಿ, ಔಷಧಿ ತರುವನು.

ಸಿಕ್ಕಿಬಿದ್ದದ್ದು ಹೇಗೆ? ಎರಡು ಪಾಳಿ ದುಡಿದ ಸುಸ್ತಿನಲ್ಲಿ ಡಾಕ್ಟರ ಮುಂದೆ ಹೇಳಿಬಿಟ್ಟ: "ಬಾಣಂತನ ಆದಾಗ್ನಿಂದ ನಡು ಹಿಡ್ಕೊಂಡ್ಬಿಟ್ಟಿದೆ ಸಾರ್."

ನಗಿ, ನಗಿ. ಡಾಕ್ಟರೂ ನಕ್ಕರಂತೆ. "ಮಗು ಗಂಡೋ ಹೆಣ್ಣೋ?" ಎಂದರಂತೆ. ಇವನು, "ಹೆಣ್ಣು ಸಾರ್, ಮೇಷ್ಟ್ರ ಮನೇಲಿ" ಎಂದನಂತೆ.

ಅದು... ಇರಲಿ. ಗೋದಾ, ತಲೆ ತಗ್ಗಿಸಬೇಡ. ಮೇಷ್ಟರ ಹೆಂಡತಿಗೂ ವಿಮೆಯಿಲ್ಲ ಎಂದು ಲೋಕಕ್ಕೆ ತಿಳಿಯಲಿ.

ನಗು ಸಂಜೆಗೇ ಮುಗಿಯಿತು. ಗಿರಣಿ ಅದನ್ನು ವಂಚನೆ ಎಂದಿತು. ನಾಳೆ ವಿಚಾರಣೆ. ಹೋಗುವುದು ವಿಮೆಯೊಂದೇ ಅಲ್ಲ, ಅವನ ಕೆಲಸವೂ.

ತ್ರಿಪುರಸುಂದರಿಯವರು ತಮ್ಮ ವರದಿಯಲ್ಲಿ ವಂಚನೆ ಎಂದು ಬರೆಯಲಿಲ್ಲ. ನೋಡದ ರೋಗಿಗೆ ಕೊಟ್ಟ ಔಷಧಿ ವಿಷವೂ ಆದೀತೆಂದು ನಮ್ಮನ್ನು ಬೈದರು, ನಿಜ. ಆಮೇಲೆ ಮೆಲ್ಲಗೆ ಕೇಳಿದರು: "ಒಬ್ಬನ ಪಾಲಿನ ಔಷಧೀನ ಇಷ್ಟು ಜನ ಹಂಚ್ಕೊಂಡು ಹೇಗ್ರೀ ಬದುಕಿದ್ರಿ, ಮೇಷ್ಟ್ರೇ?" ಇಂಥ ಪವಾಡ ಗುಡಿಯಲ್ಲಿ ನಡೆದರೆ ಮಂಗಳಾರತಿ. ವಠಾರದಲ್ಲಿ ನಡೆದರೆ ವಿಚಾರಣೆಯೋ?

ವೀರಭದ್ರಯ್ಯನವರೇ, ನಾಳೆ ಅವನೊಬ್ಬನನ್ನೇ ಕರೆಯಬೇಡಿ. ಅವನು ತಂದ ಔಷಧಿ ಕುಡಿದವರೆಲ್ಲ ದಯವಿಟ್ಟು ಎದ್ದು ನಿಲ್ಲಿ. ಏಳಮ್ಮ ಶಿವಕುಮಾರಿ. ಜಾನಕಮ್ಮನವರೇ, ನಿಧಾನ, ಗೋಡೆ ಹಿಡಿದುಕೊಳ್ಳಿ... ಅಯ್ಯೋ, ಹಿಂದಿನ ಸಾಲುಗಳೂ? ಆಚೆ ಬೀದಿಯವರೂ? ಇದು ನನಗೇ ಗೊತ್ತಿರಲಿಲ್ಲ! ನೋಡಿ ಅಧ್ಯಕ್ಷರೇ, ಕಣ್ಣು ತುಂಬ ನೋಡಿ. ನಾಳೆ ಇಷ್ಟೂ ಜನ ಗಿರಣಿ ಬಾಗಿಲಿಗೆ ಬರುತ್ತಾರೆ. ಒಬ್ಬನನ್ನು ಹೊರಗೆ ಹಾಕುತ್ತೀರೋ, ಇವರೆಲ್ಲರನ್ನೂ ವಿಮೆಯ ಒಳಗೆ ಸೇರಿಸುತ್ತೀರೋ, ಇವರ ಮುಂದೆಯೇ ಹೇಳಿ.

ನಿಂತಿರುವ ನಿಮ್ಮೆಲ್ಲರಿಗೂ ವಂದನೆಗಳು. ದೊರೆಸ್ವಾಮಿ, ನೀನ್ಯಾಕೆ ಎದ್ದೆ? ಆ ಸೀಸೆಯಿಂದ ಒಂದು ಗುಟುಕೂ ಕುಡಿದವನಲ್ಲ ನೀನು. ಕೂತ್ಕೊಳಯ್ಯ.

ನಮಸ್ಕಾರ.