ಮಗುಚಿಟ್ಟ ಬುಟ್ಟಿ

ಅಂಕೋಲೆಯಿಂದ ಕಾರವಾರಕ್ಕೆ ಹೊರಟ ಬಸ್ಸಿನಲ್ಲಿ ರೂಪಾಲಿ ಮೊಬೈಲು ನೋಡುತ್ತ ಕೂತಿದ್ದಳು. ಹಿಂದಿನ ಸೀಟಿನಲ್ಲಿ ಮೀನು ಮಾರುವ ಇಬ್ಬರು ಹೆಂಗಸರ ಮಾತು ಕಿವಿಗೆ ಬಿದ್ದದ್ದೇ ಮೊಬೈಲನ್ನು ಚೀಲಕ್ಕೆ ಹಾಕಿದಳು.

"ಕಣ್ಣಿನ ಕೆಳಗೆ ಎಂಥದೇ ಅದು, ಪೂರ್ಣಿಮಾ?"

"ಗಂಡನ ಕೈ, ಗೋದಾವರಕ್ಕ. ಮಾರ್ಕೆಟ್ಟಿಗೆ ಹೋಗ್ಬೇಡ ಅಂತ ಬುಟ್ಟಿನೂ ತುಳಿದು ಮುರ್ದ."

"ಸುಡಾನಿಗೆ ಹೋಗೋ ಮುಂಚೆ ದತ್ತಾ ಹಿಂಗಿರ್ಲಿಲ್ಲ."

"ಅಲ್ಲಿ ಅವರವರೇ ಎರಡು ಪಾಲಾಗಿ ಬಡಿದಾಡ್ಕಂಡ್ರು, ಇವನು ಕೆಲಸಕ್ಕಿದ್ದ ಫ್ಯಾಕ್ಟರಿ ಸುಟ್ಟೋತು. ಜೀವ ಉಳಿಸ್ಕಂಡು ಬಂದನಲ್ಲ ಅಂತ ನಾನು ಮೀನಿಗೆ ಕೂತೆ. ಈಗ ಹೆಂಡ್ತಿ ದುಡಿದದ್ದು ತಿನ್ನೋಕೆ ನಾಚಿಕೆಯಂತೆ. ತಿನ್ನೋದು ಮಾತ್ರ ಬಿಟ್ಟಿಲ್ಲ."

"ಮಾರ್ಕೆಟ್ಟಲ್ಲಿ ಎರಡು ದಿನ ಜಾಗ ಖಾಲಿ ಬಿಟ್ರೆ ಬೇರೆಯವರು ಕೂತ್ಕತ್ರು. ಅದಕ್ಕೇ ನೀನು ಬರದಿದ್ದಾಗ ನನ್ನ ಬುಟ್ಟಿ ನಿನ್ನ ಜಾಗದಲ್ಲಿ ಮಗುಚಿಟ್ಟೆ. ನಿನ್ನ ಗಂಡ ಬಂದು, ಅವಳಿನ್ನು ಬರೋದಿಲ್ಲ, ತೆಗೀರಿ ಅಂದ."

"ತೆಗೆದ್ರಾ?"

"ಯಾರೂ ತಲೆ ಎತ್ಲಿಲ್ಲ. ಮೀನು ಕೊಯ್ತಾ ಇದ್ರು."

"ಇವತ್ತೂ ಬರ್ತಾನೆ."

"ಬರ್ಲಿ. ಹದಿನೆಂಟು ಹೆಂಗಸ್ರು ಕೂತಿರ್ತೇವೆ."

ಮೀನು ಮಾರ್ಕೆಟ್ಟಿನ ಸ್ಟಾಪು ಬಂತು.

"ಸೆರಗು ಮುಖಕ್ಕೆ ಎಳ್ಕಳ್ಳೇ, ಜನ ನೋಡ್ತ್ರು."

"ನೋಡ್ಲಿ. ಮುಖ ಮುಚ್ಕಳ್ಳೋದು ಹೊಡೆದವನ ಕೆಲಸ."

ರೂಪಾಲಿ ಕಿಟಕಿಯಿಂದ ನೋಡಿದಳು. ಪೂರ್ಣಿಮಾ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು, ಗೋದಾವರಕ್ಕನಿಗಿಂತ ಮುಂದೆ ನಡೆದಿದ್ದಳು.