ಸಂಜೆಯ ಊಟ ಎಷ್ಟು ಗಂಟೆಗೆ?

ಈ ಗುಣಗೌರವ ಸಮಾರಂಭದ ಅಧ್ಯಕ್ಷರಾದ ಅಪ್ಪಾಸಾಬ ಕಾಕಾ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ಮಹಿಳಾ ಮಂಡಳದ ಅಕ್ಕಂದಿರೇ, ವಿಶ್ರಾಮಬಾಗದ ಮತ್ತು ಸಮಡೋಳಿಯ ನಮ್ಮ ಜೈನ ಸಮಾಜದ ಸಭಿಕರೇ,

"ಪದ್ಮವ್ವನವರ ಸೊಸಿ ಈಗ ಎರಡ ಮಾತ ಹೇಳತಾರ" ಎಂದು ನನ್ನನ್ನು ಕರೆದರು. ಮದುವೆಯಾಗಿ ಏಳು ವರ್ಷವಾಯಿತು. ಮನೆಯಲ್ಲಿಯೇ ನಾನು ಒಂದೇ ಸಲಕ್ಕೆ ಎರಡು ಮಾತು ಆಡಿದವಳಲ್ಲ. ಮೈಕಿನ ಮುಂದೆ ಹೇಗೆ ಆಡಲಿ? ಕಾಗವಾಡದ ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಮುಗಿಸಿದವಳು ನಾನು. ಇಂದು ನೀವು ಶಾಲು ಹೊದಿಸಿದ ನನ್ನ ನಾದಿನಿ ಸ್ವಪ್ನಾಲಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದವಳು. ಅವಳ ವಿದ್ಯೆಯನ್ನು ಹೊಗಳುವ ಶಬ್ದ ನನ್ನ ಹತ್ತಿರ ಇಲ್ಲ. ಆದರೆ ಅವಳು ಆ ಕಾಲೇಜು ಸೇರಿದ್ದು ಹೇಗೆ ಎಂಬುದು ಈ ಸಭೆಯಲ್ಲಿ ಅವಳಿಗೆ ಮತ್ತು ನನಗೆ ಮಾತ್ರ ಗೊತ್ತು.

ಅದನ್ನು ಇಂದೇ ಹೇಳಬೇಕು. ಯಾಕೆಂದರೆ ಶ್ರೀಪಾಲ ಕಾಕಾ ಅವರ ಮಗಳು ಸೋನಲಳಿಗೆ ಎರಡು ಕಾಲೇಜುಗಳಲ್ಲಿ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ. ನಾಳೆ ಬೆಳಿಗ್ಗೆ ಅವಳನ್ನು ಕರೆದುಕೊಂಡು ಹೋಗಿ ಎರಡನ್ನೂ ನೋಡಿ ಬರಬೇಕೆಂದು ಕಾಕಾ ನನಗೇ ಹೇಳಿದ್ದಾರೆ. ನಾನು ಬಂದು ಹೂಂ ಎಂದರೆ ಸೋನಲ ಓದುತ್ತಾಳೆ. ಉಹೂಂ ಎಂದರೆ ಮನೆಯಲ್ಲಿ ಉಳಿಯುತ್ತಾಳೆ. ಇಷ್ಟು ದೊಡ್ಡ ಕೆಲಸಕ್ಕೆ ನನ್ನನ್ನು ಯಾಕೆ ಆರಿಸಿದರು? ಮೂರು ವರ್ಷದ ಹಿಂದೆ ನಾನು ಇದೇ ಕೆಲಸವನ್ನು ಬಹಳ ಚೆನ್ನಾಗಿ ಮಾಡಿದೆನಂತೆ.

ಸಾಂಗಲಿ, ಮಿರಜ, ಕುಪವಾಡ ಮೂರೂ ಕೂಡಿ ಒಂದೇ ಮಹಾನಗರಪಾಲಿಕೆ ಆದ ವರ್ಷ ಅದು. ಸ್ವಪ್ನಾಲಿಯ ಹೆಸರು ಎರಡು ಕಾಲೇಜುಗಳ ಯಾದಿಯಲ್ಲಿ ಬಂದಿತ್ತು. ಶನಿವಾರದೊಳಗೆ ಒಂದು ಕಡೆ ಕಾಗದಪತ್ರ ಕೊಡಬೇಕು. ನಮ್ಮ ಅತ್ತೆಯವರು ನನ್ನನ್ನು ಕರೆದು ಹೇಳಿದರು: "ಯಾದಿ ಗೀದಿ ನಂಗ ತಿಳಿಯೂದಿಲ್ಲ. ಹೊತ್ತ ಮುಣಗೂದರಾಗ ಹುಡುಗಿಗಿ ಹಾಸ್ಟೆಲದಾಗ ಊಟ ಸಿಗಬೇಕು. ನಮ್ಮ ಮನ್ಯಾಗ ದೀಪಾ ಹಚ್ಚಿದ ಮ್ಯಾಲ ಯಾರೂ ಉಂಡಿಲ್ಲ. ನೀ ಹೋಗಿ ನೋಡ್ಕೊಂಡ ಬಾ. ದಿಲೀಪಾ ಹೋದ್ರ ಚಾ ಕುಡದು, ಎಲ್ಲಾ ಚಲೋ ಐತಿ ಅಂತ ಹೇಳಿ ಬರ್ತಾನ."

ದಿಲೀಪ ಎಂದರೆ ನಮ್ಮ ಯಜಮಾನರು. ಅಲ್ಲಿ ಹಿಂದಿನ ಸಾಲಿನಲ್ಲಿ ನಗುತ್ತಿದ್ದಾರೆ.

ಮೊದಲನೇ ಕಾಲೇಜು ಮೂರು ಅಂತಸ್ತಿನದು. ಪರದೇಶದಿಂದ ತರಿಸಿದ ಯಂತ್ರವೊಂದನ್ನು ಗಾಜಿನ ಕೋಣೆಯಲ್ಲಿ ಇಟ್ಟಿದ್ದರು. ಸ್ವಪ್ನಾಲಿ ಕೇಳಿದಳು, "ಸರ್, ಇದನ್ನು ನಾವು ಯಾವಾಗ ಮುಟ್ಟುವುದು?" ವಿದ್ಯಾರ್ಥಿಗಳಿಗೆ ಹೊರಗಿನಿಂದ ತೋರಿಸುತ್ತೇವೆ ಎಂದರು. ಆಮೇಲೆ, ಪಾಲಕರದು ಏನಾದರೂ ಪ್ರಶ್ನೆ ಇದೆಯೇ ಎಂದು ಕೇಳಿದರು. ಒಬ್ಬರು ಗ್ರಂಥಾಲಯ ಕೇಳಿದರು, ಒಬ್ಬರು ನೌಕರಿ ಕೇಳಿದರು. ನಾನು ಎದ್ದು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕೇಳಿದೆ, "ಸರ್, ಸಂಜೀ ಊಟ ಎಷ್ಟಕ್ಕರಿ?" ಹಿಂದಿನಿಂದ ಯಾರೋ ಮರಾಠಿಯಲ್ಲಿ, ಇವರು ಲಗ್ನಕ್ಕೆ ಬಂದಿರಬೇಕು ಎಂದರು. ಎಲ್ಲರೂ ನಕ್ಕರು. ಊಟ ಎಂಟಕ್ಕೆ ಅಂತೆ.

ಎರಡನೆಯದು ಹಳೆಯ ಹಂಚಿನ ಕಟ್ಟಡ. ಒಳಗೆ ಕಾಲಿಟ್ಟರೆ ಮೂಗು ಉರಿಯುವ ವಾಸನೆ. ಆದರೆ ಅಲ್ಲಿಯ ಸರ್ ಒಂದು ಗಾಜಿನ ನಳಿಕೆ ತೆಗೆದು ಸ್ವಪ್ನಾಲಿಯ ಕೈಯಲ್ಲಿಯೇ ಇಟ್ಟರು. "ಹಿಡಿ. ಇಲ್ಲಿ ಒಡೆಯುವವರೂ ನೀವೇ, ಕಲಿಯುವವರೂ ನೀವೇ" ಎಂದರು. ಆಗ ಅವಳ ಮುಖ ಹೇಗಿತ್ತು ಎಂದು ಹೇಗೆ ಹೇಳಲಿ? ನನ್ನ ಮಗನನ್ನು ಮೊದಲ ಸಲ ಅವಳ ಕೈಗೆ ಕೊಟ್ಟಾಗಲೂ ಅವಳು ಅಷ್ಟು ಜೋಪಾನವಾಗಿ ಹಿಡಿದಿರಲಿಲ್ಲ.

ನಾನು ಅಡುಗೆಮನೆ ಹುಡುಕಿಕೊಂಡು ಹೋದೆ. ಮೆಸ್ಸಿನ ಸಖುಬಾಯಿ ನನ್ನ ಪ್ರಶ್ನೆಗೆ ನಗಲಿಲ್ಲ. "ಐದೂವರಿಗೆ ತವಾ ಇಡತೀನಿ. ಆವಾಗ ಬಂದ್ರ ಮೊದಲನೇ ಭಾಕರಿ ಅಕಿಗೇ" ಎಂದಳು. ನಾನು ಅಲ್ಲಿಯೇ ಅವಳಿಗೆ ಕೈಮುಗಿದೆ. ಖುಷಿಯಿಂದ ಹೊರಗೆ ಬಂದರೆ ಸರ್ ವೇಳಾಪತ್ರಿಕೆ ಓದುತ್ತಿದ್ದರು: ಮಂಗಳವಾರ ಮತ್ತು ಗುರುವಾರ ಪ್ರ್ಯಾಕ್ಟಿಕಲ್, ಸಂಜೆ ಏಳರವರೆಗೆ.

ಸ್ವಪ್ನಾಲಿ ನನ್ನ ಸೆರಗು ಹಿಡಿದು ಎಳೆದಳು. "ವೈನಿ, ಮನ್ಯಾಗ ಸಖುಬಾಯಿ ಹೇಳಿದ್ದಷ್ಟ ಹೇಳ್ರಿ."

"ಮತ್ತ ಆ ಎರಡ ದಿನಾ?"

"ಉಣ್ಣೂದಿಲ್ಲ. ಅವ್ವಾನ ಮಾತೂ ಮುರಿಯೂದಿಲ್ಲ."

ಮನೆಗೆ ಬಂದಾಗ ಅತ್ತೆಯವರು ಬಾಗಿಲಲ್ಲಿಯೇ ಕೇಳಿದರು, "ಏಳೂ ದಿನಾ ಸಿಗತೈತೇನ?" ಸಭಿಕರೇ, ನಾನು ಬಾಯಿಂದ ಸುಳ್ಳು ಹೇಳಲಿಲ್ಲ. ಗೋಣು ಹಾಕಿದೆ. ಗೋಣು ಹಾಕಿದ್ದು ಸುಳ್ಳಲ್ಲವೇ? ಮೂರು ವರ್ಷ ಇದೇ ವಿಚಾರ ಮಾಡಿದ್ದೇನೆ.

ಎರಡು ವರ್ಷ ಅವಳು ಮಂಗಳವಾರ ಮಧ್ಯಾಹ್ನ ಉಂಡರೆ ಮತ್ತೆ ಉಣ್ಣುವುದು ಬುಧವಾರ ಬೆಳಿಗ್ಗೆ. ಗುರುವಾರವೂ ಹಾಗೆಯೇ. "ವೈನಿ, ಇವತ್ತು ಕೈ ನಡುಗಿ ನಳಿಕೆ ಒಡೀತು" ಎಂದು ಬರೆದಳು. ಅತ್ತೆಯವರಿಗೆ ಪತ್ರ ಓದಿ ಹೇಳುವವಳು ನಾನೇ, ಆ ಸಾಲನ್ನು ಬಿಟ್ಟು ಓದಿದೆ. ದೀಪಾವಳಿಗೆ ಬಂದವಳನ್ನು ನೋಡಿ "ಹುಡುಗಿ ಯಾಕ ಸೊರಗ್ಯಾಳ?" ಎಂದು ಅತ್ತೆಯವರು ಕೇಳಿದಾಗ, ವಾರಕ್ಕೆ ಎರಡು ದಿನ ವ್ರತ ಹಿಡಿದಿದ್ದಾಳೆ ಎಂದೆ. ಅವರ ಕಣ್ಣು ತುಂಬಿ ಬಂತು. ಮರುದಿನ ಬಸದಿಯಲ್ಲಿ ಎಲ್ಲರಿಗೂ ಹೇಳಿದರು. ಅಂದಿನಿಂದ ಮಂಗಳವಾರ, ಗುರುವಾರ ಸಂಜೆ ನನಗೂ ತುತ್ತು ಇಳಿಯಲಿಲ್ಲ. ಹೊಟ್ಟೆ ಸರಿ ಇಲ್ಲ ಎನ್ನುತ್ತಿದ್ದೆ. ಅತ್ತೆಯವರು ಬೇರೆಯೇ ಆಸೆ ಇಟ್ಟುಕೊಂಡು ಮಿರಜದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು.

ನಗಬೇಡಿರಿ. ಅಥವಾ ನಗಿರಿ. ಆದರೆ ಈಗ ಓದಿದ ಮಾನಪತ್ರದಲ್ಲಿ "ವಿದ್ಯಾಭ್ಯಾಸದ ನಡುವೆಯೂ ವ್ರತನಿಷ್ಠೆ ಮೆರೆದ ಕನ್ಯೆ" ಎಂದು ಬರೆದಿದೆ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಸ್ವಪ್ನಾಲಿ ತಲೆ ಕೆಳಗೆ ಹಾಕಿದಳು. ನಾಚಿಕೆಯಿಂದ ಎಂದುಕೊಂಡಿರಾ? ವ್ರತವನ್ನು ಹಿಡಿಯುವವರು ತಾವಾಗಿ ಹಿಡಿಯುತ್ತಾರೆ. ಇವಳು ಓದಬೇಕೆಂದು ಉಪವಾಸ ಬಿದ್ದಳು. ಅದು ವ್ರತ ಅಲ್ಲ. ಅದಕ್ಕೆ ವ್ರತ ಎಂದು ಹೆಸರಿಟ್ಟವಳು ನಾನು. ತಪ್ಪು ನನ್ನದು. ಆ ಸಾಲು ಹೊಡೆದುಹಾಕಿರಿ. ಇಂದು ಕುಪವಾಡದ ಕಾರಖಾನೆಯ ಲ್ಯಾಬಿನಲ್ಲಿ ಅವಳು ಸಹಿ ಮಾಡದೆ ಮಾಲು ಹೊರಗೆ ಹೋಗುವುದಿಲ್ಲ. ಅದನ್ನು ಬರೆಯಿರಿ.

ಅತ್ತೀ, ಯಾಕ ಎದ್ದ್ರಿ? ಕುಂದ್ರರಿ. ಮನೀಗಿ ಹೋಗಿ ನೀವು ಎಷ್ಟ ಬೇಕಾದ್ರೂ ಬೈರಿ, ನಾ ಕೇಳತೀನಿ. ಇಲ್ಲಿ ಇನ್ನ ಸ್ವಲ್ಪ ಕುಂದ್ರರಿ.

ಹೊತ್ತು ಮುಳುಗುವ ಮುಂಚೆ ಉಣ್ಣುವುದು ನಮ್ಮ ಧರ್ಮ. ನಾನೂ ಅದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಸೋನಲಳ ಎರಡೂ ಕಾಲೇಜುಗಳಲ್ಲಿ ಸಂಜೆ ಪ್ರ್ಯಾಕ್ಟಿಕಲ್ ಇದೆ. ಇದನ್ನು ನಾನು ಮೊದಲೇ ಫೋನು ಮಾಡಿ ಕೇಳಿದ್ದೇನೆ. ಲ್ಯಾಬಿನಿಂದ ಬಂದು ಉಣ್ಣಬೇಕೋ ಉಪವಾಸ ಇರಬೇಕೋ ಎಂಬುದನ್ನು ಆ ಹುಡುಗಿ ತೀರ್ಮಾನಿಸಲಿ. ಉಂಡರೆ ಮುಚ್ಚಿಡಬಾರದು, ಉಣ್ಣದಿದ್ದರೆ ಮೆರೆಸಬಾರದು.

ಶ್ರೀಪಾಲ ಕಾಕಾ, ಇದಕ್ಕೆ ನೀವು ಒಪ್ಪಿದರೆ ನಾಳೆ ಬೆಳಗಿನ ಗಾಡಿಗೆ ನಾನು ಮಿರಜ ಸ್ಟೇಶನ್ನಿನಲ್ಲಿ ಇರುತ್ತೇನೆ. ಅಲ್ಲಿ ಏನು ಕಲಿಸುತ್ತಾರೆ, ಹುಡುಗಿಯರ ಕೈಗೆ ಏನು ಕೊಡುತ್ತಾರೆ ಎಂದು ಕೇಳಿ ಬರುತ್ತೇನೆ. ಒಪ್ಪದಿದ್ದರೆ ಬೇರೆ ಯಾರನ್ನಾದರೂ ಕಳಿಸಿರಿ. ಇನ್ನೊಂದು ಸಲ ಅದೇ ಕೆಲಸ ನನ್ನಿಂದ ಆಗುವುದಿಲ್ಲ.

ಮಹಿಳಾ ಮಂಡಳಕ್ಕೆ, ಅಧ್ಯಕ್ಷರಿಗೆ, ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ಎಲ್ಲರಿಗೂ ನಾನು ಋಣಿ. ನನ್ನ ಮಾತು ಮುಗಿಯಿತು. ಆದರೆ ನಾನು ಇಲ್ಲಿಂದ ಕೆಳಗೆ ಇಳಿಯುವುದು ಕಾಕಾ ಹೇಳಿದ ಮೇಲೆಯೇ. ಕಾಕಾ, ಹಂಗ ಗೋಣ ಹಾಕಬ್ಯಾಡ್ರಿ. ಬಾಯಿ ಬಿಟ್ಟ ಹೇಳ್ರಿ, ಸೋನಲಗ ಕೇಳಸೂವಂಗ.

ನಮಸ್ಕಾರ.