ಖಾಲಿ ಕುರ್ಚಿ ಮುಂದೆ ಸಾಕ್ಷಿ ಹೇಳೋಕೆ ಬಂದ ಮುನಿಯಪ್ಪ ಮೇಸ್ತ್ರಿ

ಅಲ್ಲ ಕಣೇ ಪುಟ್ಟಿ, ಜಡ್ಜು ಸರಿ ಇರ್ಲಿಲ್ಲ ಅಂತ ನಾನೆಲ್ಲಿ ಹೇಳ್ದೆ, ಜಡ್ಜೇ ಇರ್ಲಿಲ್ಲ ಅಂದೆ. ಸರಿ ಇಲ್ದೋರಾದ್ರೆ ಬೈಕೊಂಡು ಮನೆಗ್ ಬರಬಹುದು, ಇಲ್ದೇ ಇರೋರನ್ನ ಏನಂತ ಬೈಯೋದು? ನೀವಿಬ್ರೂ ಆಗ ಇನ್ನೂ ಚಿಕ್ಕೋರು. ನಿಮ್ಮ ತಾತನಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಹೋಯ್ತು, ಮಾತೂ ಹೋಯ್ತು, ಬರೆದು ತೋರಿಸೋಕೂ ಆಗ್ತಿರ್ಲಿಲ್ಲ. ನಮ್ಮ ಮನೆ ಮುಂದೆ ಏಳು ಮೆಟ್ಟಿಲು, ಗಾಲಿಕುರ್ಚಿ ಇಳಿಸೋಕಾಗಲ್ಲ. ಹಿಂದಿನ ಬಾಗಿಲು ನೆಲದ ಸಮಕ್ಕಿದೆ, ಅಲ್ಲಿಂದ ಪಕ್ಕದ ಸಂದಿನಲ್ಲಿ ತಳ್ಕೊಂಡು ಹೋದ್ರೆ ನೇರ ರೋಡು. ಆ ಸಂದು ಮೂರಡಿ. ನಮ್ಮದು ಒಂದೂವರೆ, ಪಕ್ಕದ ಮನೆ ರಂಗಸ್ವಾಮಿಯವರದು ಒಂದೂವರೆ. ಮನೆ ಕಟ್ಟೋವಾಗ ಇಬ್ರೂ ಮಾತಾಡ್ಕೊಂಡು, ನಡುವೆ ಗೋಡೆ ಬೇಡ, ಇಬ್ರಿಗೂ ದಾರಿ ಅಂತ ಬಿಟ್ಟಿದ್ದು. ಬಾಯಿಮಾತು, ಕಾಗದ ಗೀಗದ ಏನಿಲ್ಲ. ನಾನು ಅವತ್ತು ಸ್ಕೂಲಲ್ಲಿ ಪಾಠ ಮಾಡ್ತಿದ್ದೆ. ಮಾತಾಡೋವಾಗ ಇದ್ದಿದ್ದು ನಿಮ್ಮ ತಾತ, ರಂಗಸ್ವಾಮಿ, ಮತ್ತೆ ಎರಡೂ ಮನೆ ಕಟ್ಟಿದ ಮುನಿಯಪ್ಪ ಮೇಸ್ತ್ರಿ, ಅಷ್ಟೇ. ರಂಗಸ್ವಾಮಿಯವರು ಮನೆ ಮಾರಿದ ವರ್ಷವೇ ತೀರ್ಕೊಂಡ್ರು. ಕೊಂಡ್ಕೊಂಡೋನು ಸಂದಿನ ನಡುಮಧ್ಯ ಗೋಡೆ ಎಬ್ಬಿಸ್ದ. ಕೇಳಿದ್ರೆ, "ನನ್ನ ಜಾಗದಲ್ಲಿ ನಾನು ಕಟ್ತೀನಿ ಆಂಟಿ, ನಿಮಗೇನು?" ಒಂದೂವರೆ ಅಡೀಲಿ ಗಾಲಿಕುರ್ಚಿ ಹೋಗುತ್ತಾ? ತಾತನ ಫಿಸಿಯೋಥೆರಪಿ ನಿಂತೋಯ್ತು.

ಕೇಸು ಹಾಕಿದ್ವಿ. ನಮ್ಮ ಲಾಯರು ಶಿವಪ್ರಕಾಶ್ ಅಂತ, ಒಳ್ಳೇ ಮನುಷ್ಯ. "ಮೇಸ್ತ್ರಿ ಬಂದು ಸಾಕ್ಷಿ ಹೇಳಿದ್ರೆ ಸಾಕಮ್ಮ" ಅಂದ್ರು. ಮುನಿಯಪ್ಪ ಉಲ್ಲಾಳದಿಂದ ಎರಡು ಬಸ್ ಹಿಡಿದು ಬಂದ್ರು, ಎಂಬತ್ತರ ಹತ್ರ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕ್ಕೊಂಡು. ನೋಡಿದ್ರೆ ಕೋರ್ಟಲ್ಲಿ ಫೈಲಿದೆ, ಫ್ಯಾನ್ ತಿರುಗ್ತಿದೆ, ಗುಮಾಸ್ತರಿದ್ದಾರೆ, ಮೇಲೆ ಕುರ್ಚಿ ಮಾತ್ರ ಖಾಲಿ. ಇದ್ದ ಜಡ್ಜಿಗೆ ವರ್ಗ ಆಗಿದೆ, ಬೇರೆಯೋರು ಬಂದಿಲ್ಲ. ಪಕ್ಕದ ಕೋರ್ಟಿನ ಜಡ್ಜು ಇನ್‌ಚಾರ್ಜು, ಅವರು ಬರೀ ಮುಂದಿನ ತಾರೀಖು ಕೊಡ್ತಾರೆ, ಸಾಕ್ಷಿ ತಗೊಳಲ್ಲ. ಮುಂದಿನ ತಾರೀಖಿಗೂ ಅಷ್ಟೇ, ಅದರ ಮುಂದಿನದಕ್ಕೂ ಅಷ್ಟೇ. ನಾಲ್ಕು ಸಲ ಬಂದ್ರು ಪಾಪ... ಅಲ್ಲ, ಐದು ಸಲ. ಕೊನೇ ಸಲ ಬೆಂಚಿಂದ ಏಳೋಕೇ ಆಗ್ತಿರ್ಲಿಲ್ಲ. "ನಾನು ಹೇಳೋದು ಎರಡೇ ಮಾತು ಕಣಮ್ಮ. ಅಲ್ಲಿ ಕೂತಿದಾರಲ್ಲ ಗುಮಾಸ್ತರು, ಅವರಿಗೆ ಹೇಳ್ಬಿಟ್ಟು ಹೋಗ್ಲಾ? ಬರ್ಕೊಳಲ್ವಾ ಅವರು?" ಕೈ ಹಿಡಿದು ಎಬ್ಬಿಸಿ ಬಸ್ಸಿಗೆ ಹತ್ತಿಸ್ದೆ.

ಲಾಯರನ್ನ ಹಿಡ್ಕೊಂಡೆ. ಯಾರಿಗೆ ಅರ್ಜಿ ಕೊಟ್ರೆ ಜಡ್ಜು ಬರ್ತಾರೆ, ಹೇಳಿ ಸಾರ್ ಅಂದೆ. ಅವರು ಸಮಾಧಾನವಾಗಿ ಬಿಡಿಸಿ ಹೇಳಿದ್ರು. ಕೋರ್ಟು ಅಂತ ಮಾಡೋದು ಸರ್ಕಾರ, ಹೈಕೋರ್ಟನ್ನ ಕೇಳ್ಕೊಂಡು. ಕಟ್ಟಡ, ಹುದ್ದೆ ಮಂಜೂರು ಮಾಡೋದು ಸರ್ಕಾರ. ಆದ್ರೆ ಅಲ್ಲಿ ಕೂರೋರನ್ನ ಆರಿಸೋದು ಹೈಕೋರ್ಟು. ಕೆಲವರು ಕೆಳಗಿನ ಕೋರ್ಟಿಂದ ಬಡ್ತಿ ಮೇಲೆ ಬರ್ತಾರೆ, ಕೆಲವರು ಏಳು ವರ್ಷ ವಕೀಲಿಕೆ ಮಾಡಿ, ಪರೀಕ್ಷೆ ಬರೆದು, ಇಂಟರ್‌ವ್ಯೂ ಮುಗಿಸಿ ಬರ್ತಾರೆ. ಆಮೇಲೆ ಅವರ ನಡತೆ ಬಗ್ಗೆ ಪೊಲೀಸ್ ವಿಚಾರಣೆ, ಕೊನೇಗೆ ರಾಜ್ಯಪಾಲರ ಆರ್ಡರು, ತರಬೇತಿ. "ಎಷ್ಟು ದಿನ ಆಗುತ್ತೆ ಸಾರ್?" ಅಂದೆ. "ಅದು ಮಾತ್ರ ನಂಗೂ ಗೊತ್ತಿಲ್ಲಮ್ಮ." ಸುಮ್ನಿರೋಕಾಗ್ದೆ ಎಂಎಲ್‌ಎ ಆಫೀಸಿಗೂ ಹೋದೆ ಕಣೇ. ಅಲ್ಲಿದ್ದ ಪಿಎ, "ಅಮ್ಮಾ, ರೋಡು, ಚರಂಡಿ ಇದ್ರೆ ಹೇಳಿ, ಜಡ್ಜ್ ವಿಷ್ಯಕ್ಕೆ ನಾವು ಕೈ ಹಾಕೋ ಹಾಗೇ ಇಲ್ಲ" ಅಂದ. ಸಿಟ್ಟು ಬಂತು. ಬಸ್ಸಲ್ಲಿ ಕೂತು ಯೋಚ್ನೆ ಮಾಡಿದ್ರೆ, ಅವನು ಹೇಳಿದ್ದು ಸರೀನೇ ಅಲ್ವಾ? ಇವರು ಹೇಳಿದೋರನ್ನ ಜಡ್ಜ್ ಮಾಡೋ ಹಾಗಿದ್ರೆ, ಆ ಗೋಡೆ ಕಟ್ಟಿದೋನು ನನಗಿಂತ ಮುಂಚೆ ಬಂದು ಹೇಳ್ಸಿರ್ತಿದ್ದ. ಸರಿ ಅಂತ ಗೊತ್ತಾದ್ಮೇಲೆ ಇನ್ನೂ ಕಷ್ಟ ಆಯ್ತು ನೋಡು, ಜಗಳ ಆಡೋಕೂ ಯಾರೂ ಸಿಗ್ಲಿಲ್ಲ.

ಮುನಿಯಪ್ಪ ಹಾಸಿಗೆ ಹಿಡಿದ್ರು. ಅವರ ಮನೆಗೇ ಹೋಗಿ ಸಾಕ್ಷಿ ಬರ್ಕೊಳ್ಳಿ ಅಂತ ಲಾಯರು ಅರ್ಜಿ ಹಾಕಿದ್ರು. ಆ ಅರ್ಜಿ ನೋಡೋಕೂ ಜಡ್ಜು ಬೇಕಲ್ಲ! ಮುಂದಿನ ತಾರೀಖಿಗೆ ಇಟ್ರು. ಅಷ್ಟ್ರಲ್ಲಿ ಮುನಿಯಪ್ಪ ಹೋಗ್ಬಿಟ್ರು. ಆದ್ಮೇಲೆ ಒಂದೇ ತಿಂಗಳು, ಒಂದೇ ತಿಂಗಳಿಗೆ ಹೊಸ ಜಡ್ಜು ಬಂದ್ರು. ಹೆಂಗಸು, ಪರೀಕ್ಷೆ ಬರೆದು ಬಂದೋರು. ಫೈಲನ್ನ ಒಂದೊಂದೇ ಹಾಳೆ ತಿರುವಿ ಓದಿದ್ರು, ಅಷ್ಟು ಗಮನ ಕೊಟ್ಟು ಅದನ್ನ ಯಾರೂ ಓದಿರ್ಲಿಲ್ಲ. "ನಿಮ್ಮ ಸಾಕ್ಷಿ ಎಲ್ಲಿ?" ಅಂದ್ರು. "ತೀರ್ಕೊಂಡ್ರು ಮೇಡಂ, ಹೋದ ತಿಂಗಳು." ಅವರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದ್ರು. "ಅಮ್ಮಾ, ನೀವು ಸುಳ್ಳು ಹೇಳ್ತಿದೀರ ಅಂತ ನಾನು ಹೇಳ್ತಿಲ್ಲ. ಆದ್ರೆ ಆ ಮಾತು ಆಗಿತ್ತು ಅಂತ ತೋರಿಸೋಕೆ ನನ್ನ ಮುಂದೆ ಏನೂ ಇಲ್ಲ." ಅವರದ್ದೇನು ತಪ್ಪು? ನಮ್ಮ ಕೇಸು ಬಿದ್ದೋಯ್ತು.

ಮನೆಗ್ ಬಂದು ನಿಮ್ಮ ತಾತನಿಗೆ ಹೇಳ್ದೆ. ಆಡಿದ ಮಾತೇನು ಅಂತ ಗೊತ್ತಿರೋರು ಅವರೊಬ್ರೇ ಉಳಿದಿದ್ದು, ಅವರಿಗೆ ಮಾತಿಲ್ಲ. ಎಡಗೈ ಎತ್ತಿ ನನ್ನ ಕೈ ಮೇಲಿಟ್ರು. ನಾನು ಸಮಾಧಾನ ಹೇಳ್ಬೇಕಿತ್ತು, ಅವರು ಹೇಳಿದ್ರು. ಅದಕ್ಕೇ ನಿಮಗೆ ಹೇಳೋದು, ಯಾರ ಹತ್ರ ಏನೇ ಒಪ್ಪಂದ ಆಗ್ಲಿ, ಎಷ್ಟೇ ಒಳ್ಳೆಯೋರಾಗ್ಲಿ, ಅವತ್ತೇ ಒಂದು ಹಾಳೇಲಿ ಬರೆದು ಇಬ್ರೂ ಸೈನ್ ಹಾಕ್ಬಿಡಿ. ಅಷ್ಟೇ ಕಣೇ, ಏಳಿ ಇನ್ನ.